ಸಿಸ್ಟರ್‌ಗೆ ಒಯ್ದ ಬುತ್ತಿ

ನಮ್ಮ ಅತ್ತೆಗೆ ಎರಡೇ ನಮೂನೆಯ ಜನರ ಮೇಲೆ ಸಿಟ್ಟು. ತಾಟಿನಲ್ಲಿ ರೊಟ್ಟಿ ಬಿಟ್ಟು ಏಳುವವರು ಒಂದು ನಮೂನೆ. ಕಿವಿಯಾರೆ ಕೇಳಿದ ಮಾತನ್ನು ಕೇಳಿಯೇ ಇಲ್ಲ ಎಂದು ಸಾಧಿಸುವವರು ಇನ್ನೊಂದು ನಮೂನೆ. ಮೊದಲನೆಯವರನ್ನು ಬೈದು ಉಣ್ಣಿಸುತ್ತಾಳೆ, ಅದನ್ನು ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ. ಎರಡನೆಯವರನ್ನು ಏನು ಮಾಡುತ್ತಾಳೆ ಎಂಬುದು ನನಗೆ ಗೊತ್ತಾಗಿದ್ದು ಈಚೆಗೆ, ಯಾದಗಿರಿಯಲ್ಲಿ, ಒಂದು ಅತಿಥಿಗೃಹದ ಪಡಸಾಲೆಯಲ್ಲಿ.

ನಾನು ಸುರಪುರದಲ್ಲಿ ಸಿಸ್ಟರ್‌ಗಳು ನಡೆಸುವ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತೇನೆ. ನಮ್ಮ ಮನೆಗೂ ಅವರ ಮಠಕ್ಕೂ ನಡುವೆ ಒಂದೇ ಗೋಡೆ. ನಾವು ಕ್ರೈಸ್ತರಲ್ಲ, ನಮ್ಮ ಗೋಡೆಯ ಮೇಲೆ ಇರುವುದು ಬುದ್ಧನ ಪಟ. ಆದರೆ ಓಣಿಯವರು ಆ ಮಠವನ್ನು ಸಿಸ್ಟರ್ ಮನಿ ಎಂದೇ ಕರೆಯುತ್ತಾರೆ, ಅದೂ ಓಣಿಯ ಒಂದು ಮನೆ ಎಂಬಂತೆ. ಕ್ರಿಸ್‌ಮಸ್‌ಗೆ ಅಲ್ಲಿಂದ ಕೇಕ್ ಬರುತ್ತದೆ, ಯುಗಾದಿಗೆ ಇಲ್ಲಿಂದ ಹೋಳಿಗೆ ಹೋಗುತ್ತದೆ, ಪಕ್ಕದ ಚಾಚಿಯ ಮನೆಯಿಂದ ರಂಜಾನ್‌ಗೆ ಇಬ್ಬರಿಗೂ ಶೀರ್ ಖುರ್ಮಾ ಬರುತ್ತದೆ. ಈ ಲೆಕ್ಕದಲ್ಲಿ ಹೆಚ್ಚು ಲಾಭವಾದದ್ದು ನನ್ನ ಗಂಡನ ಹೊಟ್ಟೆಗೆ, ಅದು ಬೇರೆ ಮಾತು.

ಮಠದಲ್ಲಿ ಬಹಳ ವರ್ಷ ಇದ್ದವರು ಹಿರಿಯ ಸಿಸ್ಟರ್ ಒಬ್ಬರೇ. ಕರಾವಳಿಯವರು, ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಕನ್ನಡ ಪುಸ್ತಕದಿಂದ ಈಗಷ್ಟೇ ಎದ್ದು ಬಂದದ್ದು. 'ಮಕ್ಕಳೇ, ದಯವಿಟ್ಟು ಕುಳಿತುಕೊಳ್ಳಿ' ಎಂದರೆ ನಮ್ಮ ಮಕ್ಕಳು ಕೂಡ್ರುವುದು ಬಿಟ್ಟು ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಅವರಿಗೆ ನಮ್ಮ ಊರು ಒಗ್ಗಿತು, ಬಿಸಿಲು ಒಗ್ಗಿತು, ಕಡಕ್ ರೊಟ್ಟಿ ಮಾತ್ರ ಒಗ್ಗಲಿಲ್ಲ. ಹಲ್ಲು ಸರಿ ಇರಲಿಲ್ಲ, ಪಾಪ. ಅತ್ತೆ ಕೊಟ್ಟಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದು, ಹೆಂಚು ನೋಡಿದಂತೆ ನೋಡಿ, ಧನ್ಯವಾದ ಹೇಳಿ ಒಳಗೆ ಒಯ್ಯುತ್ತಿದ್ದರು.

ಒಂದು ವರ್ಷ ಶಾಲೆ ಅರ್ಧಕ್ಕೆ ಬಂದಾಗ ಒಬ್ಬ ಸಣ್ಣ ಸಿಸ್ಟರ್ ಬಂದರು. ಸಿಸ್ಟರ್‌ಗಳ ವರ್ಗಾವಣೆ ಆಗುವುದು ಬೇಸಿಗೆಯಲ್ಲಿ, ಇದು ನಮಗೆಲ್ಲ ಗೊತ್ತು. ಕೇಳಿದರೆ 'ವಿಶ್ರಾಂತಿಗೆ ಕಳುಹಿಸಿದ್ದಾರೆ' ಎಂದರು ಹಿರಿಯ ಸಿಸ್ಟರ್. ಮೂವತ್ತು ದಾಟದ ಹುಡುಗಿಗೆ ಎಂಥ ವಿಶ್ರಾಂತಿ ಎಂದು ನನಗೆ ಅನಿಸಿತು, ಆದರೆ ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದು ನನಗೆ ಎಷ್ಟು ಕಷ್ಟ ಎಂದು ನನ್ನ ಗಂಡನನ್ನು ಕೇಳಿ.

ಮಠದ ಅಡುಗೆ ಮನೆಯ ಕಿಟಕಿ ನಮ್ಮ ಹಿತ್ತಲಿಗೆ ತೆರೆಯುತ್ತದೆ. ಅತ್ತೆ ಹಿತ್ತಲಲ್ಲಿ ಕೂತು ಶೇಂಗಾ ಸುಲಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು. ಒಂದು ದಿನ ಒಳಗೆ ಬಂದು ನನ್ನ ಮುಂದೆ ನಿಂತಳು.

"ಆ ಸಣ್ ಸಿಸ್ಟರ್ ತಾಟಿನ್ಯಾಗ ಬೆರಳಾಡಿಸ್ತಾಳ, ಉಣ್ಣಂಗಿಲ್ಲ. ಬಂದಾಗಿಂದ ನೋಡಾಕತ್ತೀನಿ. ನಾಳೆ ಬುತ್ತಿ ಒಯ್ಯೋಣು."

ನಮ್ಮ ಕಡೆ ಬುತ್ತಿ ಎಂದರೆ ಬರೀ ಡಬ್ಬಿಯ ಊಟವಲ್ಲ. ಮಗಳು ಬಸುರಿಯಾದಾಗ ತವರಿನ ಹೆಂಗಸರು ಬುಟ್ಟಿಯಲ್ಲಿ ತರಾವರಿ ಅಡುಗೆ ಕಟ್ಟಿಕೊಂಡು ಆಕೆಯ ಮನೆಗೆ ಹೋಗುತ್ತಾರೆ. ಮಗಳು ಮೊದಲು ಉಣ್ಣಬೇಕು. ಬುತ್ತಿ ಬಿಚ್ಚಿದಲ್ಲಿ ಯಾರಿದ್ದರೂ ಅವರಿಗೂ ಬಡಿಸಬೇಕು, ಬಂದವರು ವೈರಿಯಾದರೂ ಸರಿ. ಉಂಡಾದ ಮೇಲೆ ಬುಟ್ಟಿಯನ್ನು ಖಾಲಿ ಕಳಿಸುವಂತಿಲ್ಲ; ಅಕ್ಕಿಯೋ ಕುಪ್ಪಸದ ಖಣವೋ, ಆ ಮನೆಯವರು ಏನಾದರೂ ಹಾಕಿಯೇ ಕಳಿಸಬೇಕು. ಬಸುರಿಗೆ ಎಂದೇನೂ ಇಲ್ಲ, ದೂರ ಹೊರಟವರಿಗೆ, ಕಾಯಿಲೆ ಬಿದ್ದವರಿಗೆ ಕೂಡ ಬುತ್ತಿ ಹೋಗುತ್ತದೆ. ಆದರೆ ಹಿರಿಯ ಸಿಸ್ಟರ್ ಅಷ್ಟು ವರ್ಷದಲ್ಲಿ ನೋಡಿದ್ದು ಬಸುರಿಯರ ಬುತ್ತಿಯನ್ನು ಮಾತ್ರ.

ಹೀಗಾಗಿ ಮರುದಿನ ಅತ್ತೆ, ಚಾಚಿ, ನಾನು, ಓಣಿಯ ಇನ್ನೂ ಕೆಲವರು ತಲೆಯ ಮೇಲೆ ಬುಟ್ಟಿ ಹೊತ್ತು ಮಠದ ಬಾಗಿಲಲ್ಲಿ ನಿಂತಾಗ ಅವರ ಮುಖ ಬಿಳಿಚಿತು. ಬೀದಿಯ ಎರಡೂ ಕಡೆ ನೋಡಿ ನಮ್ಮನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು.

"ಅಮ್ಮಾ, ಇದು ಗರ್ಭಿಣಿಯರಿಗೆ ತರುವಂಥದ್ದಲ್ಲವೇ? ಜನ ನೋಡಿದರೆ ಏನೆಂದುಕೊಳ್ಳುತ್ತಾರೆ? ನಾವು ಸನ್ಯಾಸಿನಿಯರು!"

"ಯಾರಿಗಿ ಊಟ ಸೇರಂಗಿಲ್ಲ ಅವರಿಗಿ ತರೋದ್ರಿ," ಎಂದಳು ಅತ್ತೆ. "ನನ್ನ ಮಗ ಪೊಲೀಸ್ ಪರೀಕ್ಷಾಕ ಹೋದಾಗೂ ಒಯ್ದಿದ್ದೆ. ಅಂವೇನ್ ಬಸುರಿದ್ದನೇನ್ರಿ?"

ಆಗ ಒಳಗಿನಿಂದ ನಗು ಕೇಳಿಸಿತು. ಸಣ್ಣ ಸಿಸ್ಟರ್ ಕೋಣೆಯ ಬಾಗಿಲಲ್ಲಿ ನಿಂತು, ಸೆರಗಿನಂಥ ಆ ಬಿಳಿ ಮುಸುಕನ್ನು ಬಾಯಿಗೆ ಹಿಡಿದು ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವತ್ತು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಎಲ್ಲವನ್ನೂ ಉಂಡರು. ಉಣ್ಣುತ್ತ ಉಣ್ಣುತ್ತ ಕಣ್ಣಲ್ಲಿ ನೀರು ಬಂತು. ಚಾಚಿ ಖಾರ ಹೆಚ್ಚಾಯಿತು ಎಂದುಕೊಂಡು ಮೊಸರು ಮುಂದೆ ಸರಿಸಿದಳು. ಖಾರದ ನೀರಲ್ಲ ಅದು ಎಂದು ಅತ್ತೆಗೂ ನನಗೂ ತಿಳಿಯಿತು, ಕೇಳಲಿಲ್ಲ.

ಅವರು ಹೇಳಿದ್ದು ಅದಾದ ಮೇಲೆ ಒಂದು ಶನಿವಾರ. ಮಕ್ಕಳು ಹೋಗಿದ್ದರು. ನಾವಿಬ್ಬರೂ ತರಗತಿಯ ಗೋಡೆಗೆ ಅಂಟಿಸಲು ಬಣ್ಣದ ಕಾಗದದಲ್ಲಿ ನವಿಲು ಕತ್ತರಿಸುತ್ತಿದ್ದೆವು. ತಲೆ ಎತ್ತದೆ, ಕತ್ತರಿ ನಿಲ್ಲಿಸದೆ ಹೇಳಿದರು. ಅವರು ಮೊದಲಿದ್ದ ದೂರದ ಜಿಲ್ಲೆಯಲ್ಲಿ ಅವರ ಎಲ್ಲ ಶಾಲೆಗಳ ಮೇಲೆ ಒಬ್ಬ ದೊಡ್ಡ ಫಾದರ್ ಇದ್ದ. ಬಂದರೆ ಎಲ್ಲರೂ ಎದ್ದು ನಿಲ್ಲುವಂಥ ದೊಡ್ಡ ಮನುಷ್ಯ, ಬಿಷಪ್ಪರ ಬಲಗೈ. ಆತ ಇವರ ಮೇಲೆ ಕೈ ಹಾಕಿದ್ದ. ಒಂದು ಸಲವಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಬಿಟ್ಟಿರಲಿಲ್ಲ. ಇವರು ತಮ್ಮ ಮೇಲಿನವರಿಗೆ ಹೇಳಿದರು. ಅವರು ಪ್ರಾರ್ಥನೆ ಮಾಡು ಎಂದರು. ಇವರು ಬರೆದು ಕೊಟ್ಟರು; ಅಂಥದ್ದೇನೂ ನಮಗೆ ಬಂದಿಲ್ಲ ಎಂದರು. ಮತ್ತೆ ಕೇಳಿದಾಗ ವಿಶ್ರಾಂತಿ ಬೇಕೆಂದು ಇಲ್ಲಿಗೆ ಕಳಿಸಿದರು. ತವರಿನಲ್ಲಿ ಇದ್ದದ್ದು ಒಬ್ಬ ಅಣ್ಣ, ಆತ ಫೋನಿನಲ್ಲಿ ಮನೆತನದ ಮರ್ಯಾದೆ ಹೋಗುತ್ತದೆ, ಸುಮ್ಮನಿರು ಎಂದ.

ನೋಡಿದರೆ ನನ್ನ ಕೈಯಲ್ಲಿದ್ದ ನವಿಲಿನ ತಲೆ ಕತ್ತರಿಸಿ ನೆಲಕ್ಕೆ ಬಿದ್ದಿತ್ತು.

"ಪೊಲೀಸರ ಕಡೆ ಹೋಗೋಣ ನಡೀರಿ," ಎಂದೆ. "ಈಗಿಂದೀಗ. ನನ್ನ ಮೈದುನ ಅದಾನ ಠಾಣೇದಾಗ."

"ಹೋಗ್ತೀನಿ ಟೀಚರ್. ಆದರೆ ನಮ್ಮ ಸಂಸ್ಥೆಯವರು ಮೊದಲು, ಹೌದು ನೀನು ಹೇಳಿದೆ, ನಾವು ಕೇಳಿದ್ವಿ ಅನ್ನಬೇಕು. ಅಷ್ಟಾದರೂ ಅನ್ನಬೇಕು. ಹೇಳಿಯೇ ಇಲ್ಲ, ಹೇಳಿಯೇ ಇಲ್ಲ ಅಂತ ಅವರು ಅಂದು ಅಂದು, ಒಮ್ಮೊಮ್ಮೆ ನನಗೇ ಹೇಳಿಲ್ಲವೇನೋ ಅನಿಸುತ್ತೆ," ಎಂದರು. ಆಮೇಲೆ ನವಿಲಿನ ತಲೆ ಎತ್ತಿಕೊಂಡು ಅಂಟು ಹಚ್ಚಿ ಮತ್ತೆ ಕೂಡಿಸಿದರು. ಆ ನವಿಲು ಈಗಲೂ ನನ್ನ ತರಗತಿಯಲ್ಲಿದೆ, ಕುತ್ತಿಗೆ ಸ್ವಲ್ಪ ಸೊಟ್ಟ.

ಅವರ ಒಪ್ಪಿಗೆ ಕೇಳಿಯೇ ಅತ್ತೆಗೂ ಚಾಚಿಗೂ ಹೇಳಿದೆ. ಚಾಚಿ ಅಡಿಕೆ ಕತ್ತರಿಸುತ್ತ ಕೇಳಿದಳು. "ಬಡೇ ಲೋಗ್ ಎಲ್ಲಾ ಕಡೀಗಿ ಒಂದೇ ನೋಡ್ ಬೇಟಾ," ಎಂದಳು. "ಟೋಪಿ ಬ್ಯಾರೆ ಬ್ಯಾರೆ, ಅಷ್ಟ." ಅತ್ತೆ ಏನೂ ಅನ್ನಲಿಲ್ಲ. ಅತ್ತೆ ಸುಮ್ಮನಿದ್ದರೆ ನಮ್ಮ ಮನೆಯಲ್ಲಿ ಎಲ್ಲರೂ ಹುಷಾರಾಗುತ್ತಾರೆ.

ಸಣ್ಣ ಸಿಸ್ಟರ್ ಬರೆಯುವುದನ್ನು ಬಿಟ್ಟಿರಲಿಲ್ಲ. ಇನ್ನೂ ಮೇಲಿನವರಿಗೆ, ಅವರಿಗಿಂತ ಮೇಲಿನವರಿಗೆ ಬರೆದು ಬರೆದು, ಕೊನೆಗೆ ಒಂದು ವಿಚಾರಣಾ ಸಮಿತಿ ಆಯಿತು. ರೈಲಿಗೆ ಅನುಕೂಲವೆಂದು ಸಮಿತಿಯವರು ಯಾದಗಿರಿಗೆ ಬರುವುದು, ಇವರು ಅಲ್ಲಿಗೆ ಹೋಗಿ ಹೇಳಿಕೆ ಕೊಡುವುದು ಎಂದಾಯಿತು. ಜೊತೆಗೆ ಒಬ್ಬರು ಮಾತ್ರ ಬರಬಹುದು, ಅದೂ ಅವರ ಸಂಸ್ಥೆಯವರೇ ಆಗಿರಬೇಕು. ಅಂದರೆ ಹಿರಿಯ ಸಿಸ್ಟರ್.

ಅಂದಿನಿಂದ ಶಾಲೆಯ ಕಚೇರಿಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಹಿರಿಯ ಸಿಸ್ಟರ್ ಎದ್ದು ನಿಂತೇ ಮಾತಾಡುತ್ತಿದ್ದರು. 'ಆಗಲಿ ಮದರ್', 'ಹೇಳಿ ನೋಡುತ್ತೇನೆ ಫಾದರ್'. ಇಟ್ಟ ಮೇಲೆ ಹಣೆ ಒತ್ತಿಕೊಳ್ಳುತ್ತಿದ್ದರು. ಎಲ್ಲ ಫೋನಿನ ಸಾರ ಒಂದೇ ಎಂದು ಸಣ್ಣ ಸಿಸ್ಟರ್‌ಗೆ ಅವರೇ ಹೇಳಿದ್ದರು: ಏನೋ ತಪ್ಪು ತಿಳುವಳಿಕೆಯಾಯಿತು ಎಂದು ಬರೆದುಕೊಟ್ಟುಬಿಡು, ಎಲ್ಲ ಮುಗಿಯುತ್ತದೆ. ನನಗೆ ತಡೆಯಲಾಗಲಿಲ್ಲ. ಸೀದಾ ಕಚೇರಿಗೆ ಹೋದೆ.

"ಸಿಸ್ಟರ್, ನೀವು ಯಾರ ಕಡೆ ಅದೀರಿ?"

"ನಾನು ಶಾಂತಿಯ ಕಡೆ ಇದ್ದೇನೆ, ಟೀಚರ್."

"ಶಾಂತಿ ಅಂದ್ರ ಆ ಹುಡುಗಿ ಬಾಯಿ ಮುಚ್ಚೋದೇನ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ನೀವು ನಿಮ್ಮ ತರಗತಿಗೆ ಹೋಗಿ," ಎಂದರು. ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ. ಕೆಲಸ ಹೋದರೆ ಹೋಗಲಿ, ಹುಣಸಗಿಯ ತವರಿನಲ್ಲಿ ಭತ್ತ ನಾಟಿ ಮಾಡುತ್ತೇನೆ ಎಂದು ಗಂಡನಿಗೆ ಹೇಳಿದೆ. ನೀನು ಗದ್ದೆಗೆ ಇಳಿದರೆ ಭತ್ತವೇ ಎದ್ದು ಓಡಿಹೋಗುತ್ತದೆ ಎಂದ ಅವನು. ಸಿಟ್ಟಿನಲ್ಲೂ ನಗು ಬಂತು.

ಅತ್ತೆ ಮಾತ್ರ ನಿಯಮವನ್ನು ಪೂರ್ತಿ ಒಪ್ಪಿಕೊಂಡಳು. "ಒಳಗ ಒಬ್ರೇ ಹೋಗ್ಲಿ, ಯಾರ್ ಬ್ಯಾಡಂದ್ರು? ಹೊರಗ ಎಷ್ಟ್ ಮಂದಿ ಕುಂದರಬೇಕು ಅಂತ ಬರ್ದಾರೇನು?" ಅಂಥದ್ದೇನೂ ಬರೆದಿರಲಿಲ್ಲ. "ಮತ್ತ? ಮಗಳು ದೊಡ್ಡ ಕೆಲಸಕ್ಕ ಹೊಂಟಾಳ. ಬುತ್ತಿ ಇಲ್ದ ಹೆಂಗ್ ಕಳಸೋದು?"

ಚಾಚಿಯ ಮಗನ ಬಳಿ ಒಂದು ಕ್ರೂಸರ್ ಇದೆ. ಮದುವೆಗೆ, ಜಾತ್ರೆಗೆ, ಹತ್ತಿ ಬಿಡಿಸುವ ಕೂಲಿಗೆ ಜನ ತುಂಬಿಕೊಂಡು ಓಡಾಡುವ ಗಾಡಿ. ಆ ದಿನ ಬೆಳಿಗ್ಗೆ ಅದು ಮಠದ ಮುಂದೆ ಬಂದು ನಿಂತಾಗ ಹಿರಿಯ ಸಿಸ್ಟರ್ ಕೈಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೊರಟಿದ್ದರು. ಗಾಡಿಯ ತುಂಬ ಹೆಂಗಸರು, ಕಾಲ ಕೆಳಗೆ ಬುಟ್ಟಿ.

"ಇದೆಲ್ಲ ಏನು?" ಎಂದರು.

"ಯಾದಗಿರಿಗಿ ಹೊಂಟೇವ್ರಿ. ನೀವೂ ಅಲ್ಲಿಗೇ ಅಲ್ರಿ? ಹತ್ರಿ," ಎಂದಳು ಚಾಚಿ.

ಅವರು ಬೇಡ ಎನ್ನುವ ಮೊದಲೇ ಸಣ್ಣ ಸಿಸ್ಟರ್ ಹಿಂದಿನಿಂದ ಹತ್ತಿ ಅತ್ತೆಯ ಪಕ್ಕ ಒತ್ತಿಕೊಂಡು ಕೂತುಬಿಟ್ಟರು. ಹಿರಿಯ ಸಿಸ್ಟರ್ ಮುಂದಿನ ಸೀಟಿನಲ್ಲಿ ಕೂತರು. ಕ್ರೂಸರಿನ ಗಾಜು ಮೇಲೆ ಏರುವುದಿಲ್ಲ. ದಾರಿಯುದ್ದಕ್ಕೂ ಅವರ ಮುಸುಕು ಹಾರಿ ಹಾರಿ ಚಾಚಿಯ ಮಗನ ಮುಖಕ್ಕೆ ಬಡಿಯುತ್ತಿತ್ತು. ಅವನು ಪಾಪ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಮುಸುಕು ಸರಿಸುತ್ತ ನಡೆಸಿದ. ಶಹಾಪುರ ಹತ್ತಿರ ಬಂದಾಗ ಮಲಗಿದ ಬುದ್ಧನ ಆಕಾರದ ಬೆಟ್ಟ ಕಾಣಿಸಿತು. ಅತ್ತೆ ಕೈ ಮುಗಿದಳು. ಸಣ್ಣ ಸಿಸ್ಟರ್ ಹಣೆ, ಎದೆ, ಭುಜ ಮುಟ್ಟಿ ಶಿಲುಬೆ ಗುರುತು ಹಾಕಿಕೊಂಡರು. "ಅರಾಮ್ ಮಲಗ್ಯಾನ, ಎಬ್ಬಿಸಬ್ಯಾಡ್ರಿ," ಎಂದಳು ಚಾಚಿ. ಗಾಡಿಯಲ್ಲಿ ಎಲ್ಲರೂ ನಕ್ಕರು, ಮುಂದಿನ ಸೀಟನ್ನು ಬಿಟ್ಟು.

ಭೀಮಾ ಸೇತುವೆ ದಾಟುವಾಗ ಸಣ್ಣ ಸಿಸ್ಟರ್ ನನ್ನ ಕೈ ಹಿಡಿದರು. ಬೆಳಿಗ್ಗೆಯಿಂದ ಚಹಾ ಕೂಡ ಕುಡಿದಿಲ್ಲ ಎಂದರು. ನನಗೆ ಭಯವಾದದ್ದು ಆಗಲೇ. ಈ ಹುಡುಗಿ ಇವತ್ತು ಹೇಳದೆ ಬಂದರೆ ಮುಂದೆ ಎಂದೂ ಹೇಳುವುದಿಲ್ಲ ಎಂದು ನನಗೆ ಖಚಿತವಾಗಿ ಅನಿಸಿತು.

ಯಾದಗಿರಿ ಊರ ಹೊರಗೆ, ಮುದನಾಳದ ಕಡೆಗೆ, ಸಮಿತಿಯವರು ಬಾಡಿಗೆಗೆ ಹಿಡಿದ ಅತಿಥಿಗೃಹ. ಗೇಟಿನವನು ನಮ್ಮನ್ನು ತಡೆದ. ಮೀಟಿಂಗ್ ಇದೆ, ಇಬ್ಬರಿಗೆ ಮಾತ್ರ ಅಂದ. ಅತ್ತೆ ಅವನಿಗೆ ಊಟ ಆಗಿದೆಯೇ ಎಂದು ಕೇಳಿದಳು. ಆಗಿಲ್ಲ ಎಂದ. ಆಮೇಲೆ ನಾವು ಅಂಗಳದ ಬೇವಿನ ಮರದ ಕೆಳಗೆ ಕೂತಿದ್ದೆವು, ಅವನು ನಮ್ಮ ಪಕ್ಕದಲ್ಲೇ ಹೋಳಿಗೆ ತಿನ್ನುತ್ತಿದ್ದ.

ಇಬ್ಬರು ಸಿಸ್ಟರ್‌ಗಳು ಒಳಗೆ ಹೋದರು. ಬಾಗಿಲು ಮುಚ್ಚಿತು. ಚಾಚಿ ತಸ್ಬೀ ಮಣಿ ಎಣಿಸತೊಡಗಿದಳು. ಅತ್ತೆ ಬುಟ್ಟಿಯ ಬಟ್ಟೆ ಸರಿಮಾಡಿದಳು, ಮತ್ತೆ ಸರಿಮಾಡಿದಳು. ನಾನು ಬೇವಿನ ಎಲೆ ಹರಿದು ಹರಿದು ಗುಡ್ಡೆ ಹಾಕಿದೆ.

ಒಳಗೆ ಆದದ್ದನ್ನು ಸಣ್ಣ ಸಿಸ್ಟರ್ ಆಮೇಲೆ ಹೇಳಿದರು. ಮೇಜಿನ ಆಚೆ ಮೂವರು: ಅಧ್ಯಕ್ಷರಾದ ಒಬ್ಬ ವಯಸ್ಸಾದ ಫಾದರ್, ಇನ್ನೊಬ್ಬ ಎಳೆಯ ಫಾದರ್, ಹೊರಗಿನಿಂದ ಕರೆಸಿದ ಒಬ್ಬ ವಕೀಲೆ. ಅಧ್ಯಕ್ಷರು ಮೆತ್ತಗೆ, ಮರ್ಯಾದೆಯಿಂದಲೇ ಕೇಳಿದರು. ಆದರೆ ಇವರಿಗೆ ನಾಲಿಗೆ ಹೊರಳಲಿಲ್ಲ. ಬಾಯಿ ಒಣಗಿ, ಕಣ್ಣಿಗೆ ಕತ್ತಲೆ ಬಂತು. ಸ್ವಲ್ಪ ಹೊತ್ತು ಕಾದು ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. 'ಹಾಗಾದರೆ ತಪ್ಪು ತಿಳುವಳಿಕೆ ಎಂದು ಬರೆದುಕೊಳ್ಳೋಣವೇ?' ಎಂದು ಹಿರಿಯ ಸಿಸ್ಟರ್ ಕಡೆ ನೋಡಿದರು. ಅವರು ಹೂಂ ಎಂದಿದ್ದರೆ ಸಾಕಿತ್ತು, ಮುಗಿದುಹೋಗುತ್ತಿತ್ತು. ಅಷ್ಟೆಲ್ಲ ಫೋನು ಬಂದದ್ದು ಆ ಒಂದು ಹೂಂಗಾಗಿಯೇ.

ಹಿರಿಯ ಸಿಸ್ಟರ್ ಎದ್ದು ನಿಂತರು. "ಫಾದರ್, ಈಕೆ ಬೆಳಗಿನಿಂದ ಉಂಡಿಲ್ಲ. ಹಸಿದವರ ಹೇಳಿಕೆ ತೆಗೆದುಕೊಳ್ಳುವ ಪದ್ಧತಿ ಈ ಸೀಮೆಯಲ್ಲಿ ಇಲ್ಲ. ದೊಡ್ಡ ದೋಷ ಎಂದು ಭಾವಿಸುತ್ತಾರೆ," ಎಂದರು.

ಹಾಗೆ ದೋಷ ಎನ್ನುವ ಪದ್ಧತಿ ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ. ನಾನೂ ಇಲ್ಲಿಯೇ ಹುಟ್ಟಿ ಬೆಳೆದವಳು, ಒಮ್ಮೆಯೂ ಕೇಳಿಲ್ಲ. ಸುಳ್ಳೆಂದರೆ ಏನೆಂದು ಅರಿಯದ ಹೆಂಗಸು ನಿಂತ ನಿಲುವಿನಲ್ಲಿ ಒಂದು ಸಂಪ್ರದಾಯವನ್ನೇ ಹುಟ್ಟಿಸಿಬಿಟ್ಟರು. ಅದಕ್ಕಾಗಿ ಅವರು ಆಮೇಲೆ ಪಾಪನಿವೇದನೆ ಮಾಡಿಕೊಂಡರೋ ಇಲ್ಲವೋ, ನಾನು ಕೇಳಿಲ್ಲ.

ನಮಗೆ ಕಂಡದ್ದು ಇಷ್ಟು: ಬಾಗಿಲು ದಢಾರನೆ ತೆರೆಯಿತು, ಹಿರಿಯ ಸಿಸ್ಟರ್ ಮೆಟ್ಟಿಲ ಮೇಲೆ ನಿಂತಿದ್ದರು, ಮುಖ ಕೆಂಪಗಾಗಿತ್ತು. "ಯವ್ವಾ, ಬುತ್ತಿ ತರ್ರಿ!" ಎಂದು ಕೂಗಿದರು. ನಮ್ಮ ಮಾತಿನಲ್ಲೇ ಕೂಗಿದರು, ನಮ್ಮ ಓಣಿಯ ಹೆಂಗಸಿನ ಹಾಗೆ. ಅತ್ತೆಯ ತಲೆಯ ಮೇಲೆ ಬುಟ್ಟಿ ಯಾವಾಗ ಏರಿತೋ ನಾನು ನೋಡಲಿಲ್ಲ.

ಮೇಜಿನ ಕಡತಗಳನ್ನು ಚಾಚಿ ಒಟ್ಟುಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬುತ್ತಿ ಬಿಚ್ಚಿದೆವು. ಮಗಳಿಗೆ ಮೊದಲು. ಅತ್ತೆ ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿ ಸಣ್ಣ ಸಿಸ್ಟರ್ ಕೈಗೆ ಕೊಟ್ಟು, ಅವರು ನುಂಗುವ ತನಕ ಬಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ಉಳಿದವರಿಗೆ. ಅಧ್ಯಕ್ಷರು ಬೇಡ ಬೇಡ ಎಂದರು. ಬುತ್ತಿಯ ಮುಂದೆ ಬೇಡ ಎಂಬ ಮಾತು ನಡೆಯುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಎಳೆಯ ಫಾದರ್ ಕಡಕ್ ರೊಟ್ಟಿ ಕಚ್ಚಿದ ಸದ್ದಿಗೆ ತಾವೇ ಬೆಚ್ಚಿದರು. ವಕೀಲೆ ಮಾತ್ರ ನಮ್ಮ ಕಡೆಯವರೇ ಇರಬೇಕು, ಅಗಸೆ ಹಿಂಡಿಗೆ ಎಣ್ಣೆ ಕೇಳಿ ಹಾಕಿಸಿಕೊಂಡರು. ಕೊನೆಗೆ ಚಾಚಿ ಮಾಡಿದ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ. ವಿಚಾರಣೆಗೆ ಬಂದವರು ಬೆರಳು ನೆಕ್ಕುವುದನ್ನು ನೋಡಿ ನನಗೆ ಒಳಗೊಳಗೇ ಭಾರೀ ಖುಷಿಯಾಯಿತು.

ಕೈ ತೊಳೆದು ನಾವು ಹೊರಡುವಾಗ ಸಣ್ಣ ಸಿಸ್ಟರ್, "ಇವರು ಹತ್ತಿರ ಇರಲಿ, ಬಾಗಿಲು ತೆರೆದಿರಲಿ. ಹೇಳ್ತೀನಿ," ಎಂದರು. ಅಧ್ಯಕ್ಷರು ನಿಯಮದ ಮಾತೆತ್ತಿದರು. "ಹೇಳುವವರೇ ಇವರು ಇರಲಿ ಎನ್ನುತ್ತಿದ್ದಾರಲ್ಲ ಫಾದರ್," ಎಂದರು ವಕೀಲೆ. ನಾವು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತೆವು. ಒಳಗಿನಿಂದ ಅವರ ದನಿ ಬಂತು. ಮೊದಲು ನಡುಗಿತು, ಆಮೇಲೆ ನಡುಗಲಿಲ್ಲ. ಏನು ಹೇಳಿದರು ಎಂದು ಇಲ್ಲಿ ಬರೆಯುವುದಿಲ್ಲ, ಅದು ಅವರ ಮಾತು. ನನಗೆ ಅಳು ಬಂತು, ಹೆಮ್ಮೆಯೂ ಬಂತು, ಎರಡೂ ಒಟ್ಟಿಗೇ ಬಂದವು.

ಎಲ್ಲ ಮುಗಿದು ಸಹಿಯಾದ ಮೇಲೆ ಅಧ್ಯಕ್ಷರು, "ಇದರ ಪ್ರತಿಯನ್ನು ಮುಂದೆ ಅಂಚೆಯಲ್ಲಿ ಕಳುಹಿಸುತ್ತೇವೆ," ಎಂದರು. ಸಣ್ಣ ಸಿಸ್ಟರ್ ಮುಖ ಇಳಿಯಿತು. ಹಿಂದೆ ಬರೆದುಕೊಟ್ಟದ್ದನ್ನೂ ಹೀಗೆಯೇ ಬಂದಿಲ್ಲ ಎಂದಿದ್ದರು.

ಅತ್ತೆ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. "ಬುತ್ತಿ ತಂದ ಬುಟ್ಟಿ ಖಾಲಿ ಒಯ್ಯಾಂಗಿಲ್ರಿ. ಏನರ ಹಾಕಿ ಕೊಡಬೇಕು."

ಇದಂತೂ ನಿಜವಾದ ಪದ್ಧತಿ. ಅಧ್ಯಕ್ಷರು ಮೇಜಿನ ಮೇಲಿದ್ದ ಬಾಳೆಹಣ್ಣು ಹಾಕಿದರು, ಮೇಲೊಂದು ಮೇರಿಯಮ್ಮನ ಚಿತ್ರ ಇಟ್ಟರು. ಅತ್ತೆ ಚಿತ್ರವನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು, ಹಣ್ಣು ತೆಗೆದು ಮೇಜಿನ ಮೇಲಿಟ್ಟಳು.

"ಬಾಳಿಹಣ್ಣ್ ನಮ್ಮೂರಾಗೂ ಸಿಗ್ತಾವ್ರಿ, ಅಪ್ಪಾರ. ನಮ್ಮ ಹುಡುಗಿ ಹೇಳಿದ್ದು ನೀವು ಕೇಳೀರಿ. ಕೇಳೀವಿ ಅಂತ ಸಹಿ ಮಾಡಿ, ಆ ಕಾಗದ ಬುಟ್ಟ್ಯಾಗ ಹಾಕ್ರಿ. ನಾಳಿ ನೀವು ಕೇಳಿಲ್ಲ ಅಂದ್ರ ನಾ ಈ ಮುಪ್ಪಿನ ಕಾಲಕ್ಕ ಯಾರ್ ಕೂಡ ಜಗಳಾಡ್ಲಿ?"

ವಕೀಲೆ ಜೋರಾಗಿ ನಕ್ಕರು. ನಕ್ಕು, "ಪ್ರತಿ ಕೊಡಲೇಬೇಕು ಫಾದರ್. ನಾನೇ ಹೇಳುವವಳಿದ್ದೆ," ಎಂದರು. ಅಧ್ಯಕ್ಷರು ಫೋನು ಹಿಡಿದು ಅಂಗಳಕ್ಕೆ ಹೋದರು. ಬಹಳ ಹೊತ್ತು ಮಾತಾಡಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಅತ್ತೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೂತಳು, ಚಾಚಿ ಎಲೆಯಡಿಕೆಯ ಚೀಲ ಬಿಚ್ಚಿದಳು. ಮದುವೆ ಮನೆಯಲ್ಲಿ ಕೂತಂತೆ ಎಲ್ಲರೂ ಆರಾಮಾಗಿ ಕೂತೆವು. ನಾವು ಏಳುವವರಲ್ಲ ಎಂದು ಅವರಿಗೆ ತಿಳಿದಿರಬೇಕು. ಬಂದು, "ಜೆರಾಕ್ಸ್ ಎಲ್ಲಿ ಸಿಗುತ್ತದೆ?" ಎಂದರು. ವಕೀಲೆಯನ್ನೂ ಕಾಗದವನ್ನೂ ಕ್ರೂಸರಿನಲ್ಲಿ ಕೂಡ್ರಿಸಿಕೊಂಡು ಚಾಚಿಯ ಮಗ ಜನರೇಟರ್ ಇರುವ ಅಂಗಡಿ ಹುಡುಕಿ ಊರೆಲ್ಲ ತಿರುಗಿದ. ಪ್ರತಿ ಹಾಳೆಗೂ ಮೂವರ ಸಹಿ ಬಿತ್ತು. ರೊಟ್ಟಿ ಸುತ್ತಿದ್ದ ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದರು, ಸ್ವತಃ ಅಧ್ಯಕ್ಷರೇ.

ಆ ಪ್ರತಿಯನ್ನು ಹಿಡಿದುಕೊಂಡೇ ಸಣ್ಣ ಸಿಸ್ಟರ್ ಪೊಲೀಸರಿಗೂ ದೂರು ಕೊಟ್ಟರು. ದೊಡ್ಡ ಫಾದರನ್ನು ಹುದ್ದೆಯಿಂದ ಇಳಿಸಿದ್ದಾರೆ. ಆತ ಎಲ್ಲ ಸುಳ್ಳು ಎನ್ನುತ್ತಾನೆ. ಮೊಕದ್ದಮೆ ನಡೆದಿದೆ, ನಡೆಯಲಿ. ಕೋರ್ಟಿನ ದಿನ ಬಂದಾಗಲೆಲ್ಲ ಬುತ್ತಿ ಹೋಗುತ್ತದೆ. ಸಣ್ಣ ಸಿಸ್ಟರ್ ಈಗ ದುಂಡಗಾಗಿದ್ದಾರೆ, ನಮ್ಮ ಅತ್ತೆಗೇ ಹಿಂಡಿ ಕುಟ್ಟುವುದು ಹೇಗೆಂದು ಉಪದೇಶ ಮಾಡುತ್ತಾರೆ. ಹಿರಿಯ ಸಿಸ್ಟರನ್ನು ಮುಖ್ಯೋಪಾಧ್ಯಾಯಿನಿಯ ಕುರ್ಚಿಯಿಂದ ತೆಗೆದರು. ಯಾಕೆ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತು. ಈಗ ನನ್ನ ಪಕ್ಕದ ತರಗತಿಯಲ್ಲಿ ಲೆಕ್ಕ ಕಲಿಸುತ್ತಾರೆ. "ಕಚೇರಿಯ ಫೋನು ಈಗ ನನಗಲ್ಲ ಟೀಚರ್, ಎಂಥ ಸುಖ!" ಎನ್ನುತ್ತಾರೆ.

ಆ ಕಾರಣ ನಮಗೆ ತಿಳಿದದ್ದು ಯಾದಗಿರಿಗೆ ಹೋದ ದಿನವೇ, ತಿರುಗಿ ಬರುವಾಗ. ಶಹಾಪುರ ದಾಟಿದೆವು. ಹಿಂದೆ ಹೆಂಗಸರು ಹಾಡು ಹೇಳುತ್ತಿದ್ದರು. ಬೆಟ್ಟ ಹಿಂದಕ್ಕೆ ಸರಿಯುವಾಗ ಹಿರಿಯ ಸಿಸ್ಟರ್ ಮುಸುಕನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಕಡೆ ತಿರುಗಿದರು.

"ನೀವು ಜೆರಾಕ್ಸಿಗೆ ಕಾದಿದ್ದಾಗ ನಾನೂ ಒಳಗೆ ಹೋಗಿ ಹೇಳಿದೆ," ಎಂದರು. "ಯಾರು ಯಾರು ನನಗೆ ಫೋನ್ ಮಾಡಿದರು, ಈಕೆಗೆ ಏನು ಹೇಳು ಎಂದರು, ನಾನು ಹೇಗೆ ಹೂಂ ಎಂದೆ. ಎಲ್ಲವನ್ನೂ ಹೇಳಿ, ಎರಡು ಪ್ರತಿ ಬರೆದು ಸಹಿ ಮಾಡಿದೆ. ಒಂದು ಪ್ರತಿ ಆ ಬುಟ್ಟಿಯಲ್ಲೇ ಇದೆ."

ಹಾಡು ನಿಂತಿತು. ನನಗೆ ಆ ದಿನ ಕಚೇರಿಯ ಬಾಗಿಲು ಹಾಕಿದ ಸದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ. ಸಣ್ಣ ಸಿಸ್ಟರ್ ಮುಂದಕ್ಕೆ ಬಾಗಿ ಅವರ ಭುಜದ ಮೇಲೆ ಕೈ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡರು.

ಆಮೇಲೆ ಹಿರಿಯ ಸಿಸ್ಟರ್, "ಅಮ್ಮಾ, ಅಲ್ಲಿ ಎಲ್ಲರೂ ಉಂಡರು. ನಾನು ಉಂಡಿಲ್ಲ. ಮಗಳಿಗೆ ತಂದ ಬುತ್ತಿಯಲ್ಲಿ ನನಗೆ ಏನಾದರೂ ಉಳಿದಿದೆಯೇ?" ಎಂದರು.

ಅತ್ತೆ ಗಾಡಿ ನಿಲ್ಲಿಸಿದಳು. ಬುಟ್ಟಿಯ ತಳದಲ್ಲಿ, ಕಾಗದದ ಗಂಟಿನ ಕೆಳಗೆ, ಒಂದೇ ಒಂದು ರೊಟ್ಟಿ ಉಳಿದಿತ್ತು. ಅದನ್ನು ಸಣ್ಣ ಸಣ್ಣ ಚೂರು ಮಾಡಿ ಡಬ್ಬಿಯಲ್ಲಿ ಉಳಿದಿದ್ದ ಮೊಸರಿನಲ್ಲಿ ಹಾಕಿ, ಮೆತ್ತಗಾಗುವ ತನಕ ಬೆರಳಿನಿಂದ ಒತ್ತಿದಳು. "ಯಾಕ ಕೇಳ್ತೀ ಬೇ, ನೀನೂ ಮಗಳಽ ಅದಿ. ಉಣ್ಣು," ಎಂದಳು.

ರಸ್ತೆಯ ಬದಿಯಲ್ಲಿ, ಹತ್ತಿ ಹೊಲದ ಬದುವಿನ ಮೇಲೆ ಕೂತು ಹಿರಿಯ ಸಿಸ್ಟರ್ ಉಂಡರು. ಡಬ್ಬಿಯಲ್ಲಿ ಒಂದು ಚೂರೂ ಬಿಡಲಿಲ್ಲ.